ಸುಣ್ಣ ಒಣಗಿದ ಮೇಲೆ

ಇದನ್ನು ಹೇಳುವುದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಮೊದಲು ಮಗಳ ಮದುವೆ ಮುಗಿಯಲಿ ಅಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಅಂದೆ. ಪೊರೆ ತೆಗೆಸಿಯೂ ನಾಲ್ಕು ವರ್ಷವಾಯಿತು. ಈಗ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿ ಕಾಣುತ್ತದೆ. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಊರು ಕುದೇರಿನ ಪಕ್ಕ. ಪರೀಕ್ಷೆ ಪಾಸಾದ ವರ್ಷವೇ ಚಾಮರಾಜನಗರದ ಅಂಗಡಿ ಬೀದಿಯ ಒಂದು ಜವಳಿ ಅಂಗಡಿಗೆ ಸೇರಿಕೊಂಡೆ. ಬಟ್ಟೆ ಅಳೆಯುವುದು, ಹರಿದುಕೊಡುವುದು, ದಾಸ್ತಾನು ಪುಸ್ತಕ ಬರೆಯುವುದು ನನ್ನ ಕೆಲಸ. ಪುಸ್ತಕ ಬರೆಯುತ್ತಿದ್ದೆ ಎಂಬ ಕಾರಣಕ್ಕೆ ಬೀದಿಯವರೆಲ್ಲ ನನ್ನನ್ನು ರೈಟರು ಅನ್ನುತ್ತಿದ್ದರು. ಅಂಗಡಿ ಹೋಯಿತು, ಪುಸ್ತಕ ಹೋಯಿತು, ಈಗಲೂ ಹಾಗೇ ಕರೆಯುತ್ತಾರೆ.

ಆ ಕಟ್ಟಡ ಹೇಗಿತ್ತು ಎಂದು ಮೊದಲು ಹೇಳಬೇಕು, ಏಕೆಂದರೆ ನನ್ನ ತಪ್ಪು ನಡೆದದ್ದು ಅದರ ಮುಂಭಾಗದಲ್ಲಿ. ಕೆಳಗೆ ಅಂಗಡಿ, ಮೇಲೆ ಸರಕು ಇಡುವ ಉದ್ದನೆಯ ಕೋಣೆ. ಬೀದಿಗೂ ಅಂಗಡಿಯ ಬಾಗಿಲಿಗೂ ನಡುವೆ ಕಲ್ಲಿನ ಜಗಲಿ, ಹತ್ತಲು ಎರಡು ಮೆಟ್ಟಿಲು, ಮೇಲೆ ಹೆಂಚಿನ ಇಳಿಜಾರು. ಜಗಲಿಯ ಎಡಮೂಲೆಯಲ್ಲಿ ಒಬ್ಬ ಟೈಲರ್ ಕೂರುತ್ತಿದ್ದರು. ನಾನು ಅವರನ್ನು ಸಾಬ್ರೇ ಎಂದು ಕರೆಯುತ್ತಿದ್ದೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾನು ಅಂಗಡಿಗೆ ಸೇರಿದ ದಿನ ಅವರು ಆಗಲೇ ಅಲ್ಲಿ ಕೂತಿದ್ದರು, ಕಾಲಲ್ಲಿ ತುಳಿಯುವ ಕಪ್ಪು ಮಿಷನ್ನಿನ ಹಿಂದೆ, ಕೊರಳಿಗೆ ಟೇಪು ಹಾಕಿಕೊಂಡು.

ನಮ್ಮ ಕಡೆ ಆಗ ಜವಳಿ ಅಂಗಡಿ ಎಂದರೆ ಜಗಲಿಯ ಮೇಲೆ ಒಬ್ಬ ಟೈಲರ್ ಇರಲೇಬೇಕು. ಆ ಜಾಗಕ್ಕೆ ಬಾಡಿಗೆ ಇಲ್ಲ, ಕಾಗದಪತ್ರ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಜಗಲಿ ಗುಡಿಸಿ ನೀರು ಹಾಕುವುದು, ಅಂಗಡಿಯಲ್ಲಿ ಬಟ್ಟೆ ಕೊಂಡವರಿಗೆ ಮೊದಲು ಹೊಲಿದುಕೊಡುವುದು, ಇಷ್ಟೇ ಮಾತು. ಉಮ್ಮತ್ತೂರು, ಕುದೇರು ಕಡೆಯವರು ಬೆಳಗಿನ ಬಸ್ಸಿಗೆ ಬಂದು ಬಟ್ಟೆ ಹರಿಸಿ, ಸಾಬರ ಮುಂದೆ ನಿಂತು ಅಳತೆ ಕೊಟ್ಟು, ಪೇಟೆ ಕೆಲಸ ಮುಗಿಸಿ ಬಂದು, ಸಂಜೆ ಬಸ್ಸಿನವರೆಗೆ ಜಗಲಿಯಿಂದ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಪಟಾಪಟಿ ಚಡ್ಡಿ, ಲಂಗ, ದಿಂಬಿನ ಚೀಲ ಅವತ್ತೇ ಸಿಗುತ್ತಿತ್ತು.

"ಯಾನ ಸಾಬ್ರೇ, ಚಡ್ಡಿ ಹೊಲಿತಿದ್ದರಾ, ತೂಕಡಿಸ್ತಿದ್ದರಾ? ಬಸ್ಸು ಓಗ್ಬುಡ್ತದ."

"ನಿನ್ ಸೊಂಟಕ್ಕ ಟೇಪೇ ಸಾಲ್ನಿಲ್ಲ ಕಣ್ಲಾ. ಗಂಟಾಕಿ ಅಳ್ದಿವ್ನಿ. ಕೂತ್ಕೊ ಸುಮ್ನ."

ಈ ಥರದ ಮಾತು ದಿನವಿಡೀ ನಡೆಯುತ್ತಿತ್ತು. ಒಳಗೆ ಬಟ್ಟೆ ಅಳೆಯುತ್ತಾ ನಾನೂ ನಗುತ್ತಿದ್ದೆ. ಚಡ್ಡಿಗೆ ಬಂದವರು ಕೂತಲ್ಲಿಂದಲೇ ಒಳಗೆ ಇಣುಕಿ ಒಂದು ಟವೆಲ್ಲೋ ರವಿಕೆ ಕಣವೋ ಕೇಳುತ್ತಿದ್ದರು.

ಅಂಗಿ ಮಾತ್ರ ಅವತ್ತೇ ಸಿಗುತ್ತಿರಲಿಲ್ಲ. ಗುಂಡಿ ತೂರಿಸುವ ತೂತಿಗೆ ಕಾಜಾ ಹಾಕಿ, ಗುಂಡಿ ಹೊಲಿಯುವುದು ಕೈಕೆಲಸ, ಅದನ್ನು ಸಾಬರ ಹೆಂಡತಿ ಮನೆಯಲ್ಲಿ ಮಾಡುತ್ತಿದ್ದರು. ಸಂಜೆ ಅಂಗಿಗಳನ್ನು ಒಂದು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಸಾಬರು ಹೋದರೆ, ಬೆಳಿಗ್ಗೆ ಅವೇ ಅಂಗಿಗಳು ಕಾಜಾ, ಗುಂಡಿ ಸಮೇತ ವಾಪಸು ಬರುತ್ತಿದ್ದವು. ಆ ಕಾಜಾಗಳನ್ನು ನಾನು ಎಷ್ಟೋ ಸಲ ಬೆರಳಲ್ಲಿ ಸವರಿ ನೋಡಿದ್ದೇನೆ. ಒಂದೊಂದು ಎಳೆಯೂ ಪಕ್ಕದ ಎಳೆಗೆ ತಾಗಿ ಕೂತಿರುತ್ತಿತ್ತು. ಆಕೆಯನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ, ಸಾಬರು ಊಟದ ಕ್ಯಾರಿಯರ್ ಮರೆತ ದಿನ ಅದನ್ನು ತಂದುಕೊಡಲು ಬಂದಾಗ. ಜಗಲಿ ಹತ್ತುತ್ತಿರಲಿಲ್ಲ, ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ರಂಜಾನ್ ಹಬ್ಬಕ್ಕೆ ಮಾತ್ರ ತಪ್ಪದೆ ನನ್ನ ಪಾಲಿನ ಸುರ್ಕುಂಬಾ ಪಾಯಸ ಬೇರೆ ಡಬ್ಬಿಯಲ್ಲಿ ಬರುತ್ತಿತ್ತು. ದ್ರಾಕ್ಷಿ ನನಗೆ ಸೇರುವುದಿಲ್ಲ ಎಂದು ಯಾವಾಗಲೋ ಅಂದಿದ್ದೆ. ಮುಂದಿನ ವರ್ಷದಿಂದ ನನ್ನ ಡಬ್ಬಿಯ ಶಾವಿಗೆಯಲ್ಲಿ ದ್ರಾಕ್ಷಿ ಇರಲಿಲ್ಲ.

ಯುಗಾದಿಗೆ ಮುಂಚೆ ಕಟ್ಟಡಕ್ಕೆ ಸುಣ್ಣ ಹೊಡೆಸುವುದು ಪದ್ಧತಿ. ಮಿಷನ್ನಿನ ಮೇಲೆ ಸುಣ್ಣ ಸಿಡಿಯುತ್ತದೆಂದು ಆ ವಾರ ಸಾಬರು ಅದನ್ನು ಕೈಗಾಡಿಯಲ್ಲಿ ಮನೆಗೆ ಸಾಗಿಸುತ್ತಿದ್ದರು. ಗೋಡೆ ಒಣಗಿದ ಮೇಲೆ ಅವರಾಗಿ ಬರುತ್ತಿರಲಿಲ್ಲ. ಅಂಗಡಿಯಿಂದ ಹೇಳಿಕಳಿಸಬೇಕು. "ಸುಣ್ಣ ಒಣಗ್ಯದೆ, ಬನ್ನಿ" ಎಂದು ನಾನೇ ಅವರ ಕೇರಿಯ ತನಕ ಹೋಗಿ ಹೇಳಿಬರುತ್ತಿದ್ದೆ. ಜಾಗ ಅಂಗಡಿಯದು, ಕರೆದರೆ ಕೂರುತ್ತೇನೆ ಎಂಬ ಮರ್ಯಾದೆ ಅವರ ಕಡೆಯಿಂದ. ಕರೆಯದೆ ಇರುವುದಿಲ್ಲ ಎಂಬ ಮರ್ಯಾದೆ ನಮ್ಮ ಕಡೆಯಿಂದ. ಅಷ್ಟು ವರ್ಷ ಹಾಗೇ ನಡೆದುಬಂದಿತ್ತು.

ಆಮೇಲೆ ಊರಿಗೆ ದೊಡ್ಡ ಬಟ್ಟೆ ಶೋರೂಮುಗಳು ಬಂದವು. ಗಾಜಿನ ಬಾಗಿಲು, ಒಳಗೆ ತಂಪು, ಸೀರೆ ಉಟ್ಟ ಬೊಂಬೆ. ನಮ್ಮ ಸಾಹುಕಾರರಿಗೂ ಅದರ ಹುಚ್ಚು ಹತ್ತಿತು. ಜಗಲಿಯನ್ನು ಒಳಗೆ ಸೇರಿಸಿಕೊಂಡು, ಬೀದಿಯ ಅಂಚಿಗೆ ಗಾಜು, ಶಟರ್ ಹಾಕಿಸಿದರೆ ನಮ್ಮದೂ ಶೋರೂಮೇ ಎಂದು ಲೆಕ್ಕ ಹಾಕಿದರು. ಅಡ್ಡ ಇದ್ದದ್ದು ಮಿಷನ್ ಒಂದೇ.

"ಎಬ್ಬಿಸೋದು ಯೆಂಗಯ್ಯ? ಇಷ್ಟು ವರ್ಷ ಕೂತವ್ನೆ. ಏಳು ಅಂದ್ರೆ ನಾಕ್ ಜನ ಸೇರ್ತಾರೆ. ಲಾಯರ್ ಬೇರೆ, ಹಂಗೆಲ್ಲ ಎಬ್ಬಿಸಕ್ಕಾಗಲ್ಲ ಅಂತಾವ್ರೆ" ಅಂದರು ಸಾಹುಕಾರರು.

ಇದುವರೆಗೆ ಯಾರಾದರೂ ಕೇಳಿದರೆ, ಸಾಹುಕಾರರು ಎಬ್ಬಿಸಿದರು, ನಾನೇನು ಮಾಡಲಿ, ಕೂಲಿಯವನು ಎನ್ನುತ್ತಿದ್ದೆ. ಅದು ಸುಳ್ಳು. ಅವತ್ತು ಸಾಹುಕಾರರು ಎರಡು ದಿನ ಯೋಚನೆ ಮಾಡಿ ಸುಮ್ಮನಾಗಿದ್ದರು. ಮೂರನೇ ದಿನ, ಯಾರೂ ಕೇಳದೆ, ನಾನಾಗಿ ಹೋಗಿ ಹೇಳಿದೆ.

"ಉಗಾದಿ ಹತ್ರ ಬತ್ತಾದ ಬುದ್ಧೀ. ಸುಣ್ಣಕ್ಕೆ ಅಂತ ಅವ್ರೇ ಎತ್ಕೊಂಡ್ ಓಗ್ತಾರ. ನಾವು ಬನ್ನಿ ಅನ್ನದಿದ್ರ ಆಯ್ತು."

ಸಾಹುಕಾರರು ನನ್ನ ಕಡೆ ತಿರುಗಿ, "ನಿಂಗೆ ಹೊಳೀತಲ್ಲಯ್ಯ ಇದು" ಅಂದರು. ಅದನ್ನು ಹೊಗಳಿಕೆ ಅಂದುಕೊಂಡೆ. ಶೋರೂಮ್ ಆದ ಮೇಲೆ ನೀನೇ ಮ್ಯಾನೇಜರ್ ಎಂದು ಅವರು ಅಂದಿದ್ದರು. ಆ ಹೆಸರಿಗಾಗಿ ಮಾಡಿದೆ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಕೈಗಾಡಿ ಬಂತು. ಮಿಷನ್ನಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಸಾಬರು. ಮೆಟ್ಟಿಲು ಇಳಿಸುವಾಗ ನನ್ನ ಬೆರಳು ಸಿಕ್ಕಿಕೊಂಡೀತೆಂದು ಅವರು ಎರಡು ಸಲ ಎಚ್ಚರಿಸಿದರು.

"ಈ ಸಲ ಬೇಗ ಒಣಗಿಸ್ಬುಡಿ ರೈಟ್ರೇ. ಮದ್ವೆ ಹೊಲಿಗೆ ಬಂದ್ ಬಿದ್ದದೆ."

"ಆಯ್ತು ಸಾಬ್ರೇ" ಅಂದೆ.

ಸುಣ್ಣದ ಡಬ್ಬಿಯನ್ನೇ ತರಿಸಿರಲಿಲ್ಲ. ಮಾರನೇ ದಿನ ಗಾರೆಯವರು ಬಂದರು, ಕಬ್ಬಿಣದವರು ಬಂದರು. ಒಂದು ವಾರದಲ್ಲಿ ಜಗಲಿ ಕಾಣದಂತಾಯಿತು. ಯುಗಾದಿ ಕಳೆಯಿತು. ನಾನು ಹೇಳಿಕಳಿಸಲಿಲ್ಲ.

ಹತ್ತನೆಯ ದಿನವೋ ಏನೋ, ಸಾಬರು ಬಂದರು. ಎದುರಿನ ಪಾತ್ರೆ ಅಂಗಡಿಯ ಮುಂದೆ ನಿಂತು ನಮ್ಮ ಕಟ್ಟಡವನ್ನು ನೋಡಿದರು. ಗಾಜಿನ ಒಳಗಿನಿಂದ ನನಗೆ ಕಾಣಿಸುತ್ತಿತ್ತು. ಬಟ್ಟೆಯ ಥಾನುಗಳ ಹಿಂದೆ ಬಗ್ಗಿ, ಕೆಳಗೆ ಏನೋ ಹುಡುಕುವವನ ಹಾಗೆ ನಾನು ಕೂತೆ. ಮಂಡಿ ನೋಯುವವರೆಗೆ ಕೂತಿದ್ದೆ. ಎದ್ದು ನೋಡಿದಾಗ ಅವರಿರಲಿಲ್ಲ. ಒಳಗೆ ಬಂದು ಬೈಯಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ಕೆಲವು ತಿಂಗಳ ನಂತರ ಗಂಡಹೆಂಡಿರಿಬ್ಬರೂ ಗುಂಡ್ಲುಪೇಟೆಯಲ್ಲಿದ್ದ ಮಗಳ ಮನೆಗೆ ಹೋದರೆಂದು ಕೇಳಿದೆ.

ಶೋರೂಮ್ ಬಹಳ ದಿನ ನಡೆಯಲಿಲ್ಲ. ಹಳ್ಳಿಯವರು ಗಾಜಿನ ಬಾಗಿಲ ಮುಂದೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತು, ಹಾಗೇ ಮುಂದೆ ಹೋಗುತ್ತಿದ್ದರು. ಶೋರೂಮಿಗೇ ಹೋಗುವವರಿಗೆ ನಮ್ಮದಕ್ಕಿಂತ ದೊಡ್ಡವು ಇದ್ದವು. ಒಬ್ಬ ಮುದುಕಿ ಬಾಗಿಲು ಅರ್ಧ ತೆಗೆದು, "ಇಲ್ಲಿ ಕೂರ್ತಿದ್ದ ಸಾಬಣ್ಣ ಎಲ್ಗೋದ ಕೂಸು?" ಎಂದು ನನ್ನನ್ನೇ ಕೇಳಿದಳು. ಊರು ಬಿಟ್ಟರು ಅಂದೆ. "ಅಂಗಾರ ಬಟ್ಟೆ ತಕ್ಕಂಡು ಯಾನ ಮಾಡ್ಲಿ?" ಎಂದು ಬಾಗಿಲು ಮುಚ್ಚಿದಳು.

ಕೊನೆಗೆ ಸಾಹುಕಾರರು ಅಂಗಡಿ ಮುಚ್ಚಿ ಗುಂಡ್ಲುಪೇಟೆಗೆ ಹೋಗಿ ಊಟಿ ರಸ್ತೆಯಲ್ಲಿ ಹೋಟೆಲ್ ಇಟ್ಟರು. ಕಟ್ಟಡದ ಬೀಗದ ಕೈ ನನ್ನ ಹತ್ತಿರ ಉಳಿಯಿತು. ಯಾರಾದರೂ ಕೇಳಿಕೊಂಡು ಬಂದರೆ ತೆಗೆದು ತೋರಿಸುವುದು, ನೋಡಿ ಹೋದ ಮೇಲೆ ಮುಚ್ಚುವುದು. ಮ್ಯಾನೇಜರ್ ಆದವನಿಗೆ ಉಳಿದ ಕೆಲಸ ಅದು.

ಖಾಲಿ ಕಟ್ಟಡದಲ್ಲಿ ಏನೇನೋ ಪ್ರಯೋಗ ನಡೆದವು. ಒಬ್ಬರು ಮೊಬೈಲ್ ಅಂಗಡಿ ಇಟ್ಟು ಆರು ತಿಂಗಳಿಗೆ ಎತ್ತಿದರು. ಒಬ್ಬ ಮೇಷ್ಟರು ಮೇಲೆ ಟ್ಯೂಷನ್ ಶುರುಮಾಡಿದರು. ಬೇಸಿಗೆ ಬಂದದ್ದೇ ಮಕ್ಕಳು ಸೆಖೆ ಎಂದು ಬರುವುದು ಬಿಟ್ಟವು. ಚುನಾವಣೆಯ ಒಂದು ತಿಂಗಳು ಪಕ್ಷದವರ ಕಚೇರಿಯಾಯಿತು, ಅವರು ಹೋದ ಮೇಲೆ ಗೋಡೆಯಿಂದ ಕೈ ಮುಗಿದ ಮುಖಗಳನ್ನು ಕೀಳುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಅರಿಸಿನದ ವ್ಯಾಪಾರಿಯೊಬ್ಬರು ಒಂದು ಸುಗ್ಗಿ ಮೂಟೆ ತುಂಬಿಟ್ಟಿದ್ದರು. ಅವತ್ತಿನಿಂದ ನೆಲ ಹಳದಿ. ಎಷ್ಟು ತೊಳೆದರೂ ಒಳಗೆ ಹೋಗಿಬಂದವರ ಅಂಗಾಲು ನೋಡಿ ಬೀದಿಯವರು, "ಯಾನ, ಮದ್ವೆಗೋಗಿದ್ರಾ?" ಎಂದು ಕಿಚಾಯಿಸುತ್ತಿದ್ದರು.

ಶುಂಠಿ ಇಡಲು ಜಾಗ ನೋಡಲೆಂದು ಗುಂಡ್ಲುಪೇಟೆಯ ಕಡೆಯಿಂದ ಒಬ್ಬ ಕೇರಳದವರು ಬಂದಿದ್ದರು. ಒಳಗೆ ಬಂದು ನಿಂತು ಮೂಗರಳಿಸಿದರು.

"ಚೇಟಾ, ಇಲ್ಲಿ ಕಾಟ್ಟು ಇಲ್ಲ. ಇಂಜಿ ಕೊಳೀತದೆ."

ಕಾಟ್ಟು ಎಂದರೆ ಗಾಳಿ, ಇಂಜಿ ಎಂದರೆ ಶುಂಠಿ. ಮುಂದೆ ಪೂರ್ತಿ ಗಾಜು, ಹಿಂದೆ ಪಕ್ಕದವರ ಗೋಡೆ, ಗಾಳಿ ಎಲ್ಲಿಂದ ಬರಬೇಕು? ಬಂದವರೆಲ್ಲ ಬೇರೆ ಬೇರೆ ಮಾತಲ್ಲಿ ಇದನ್ನೇ ಹೇಳುತ್ತಿದ್ದರು. ಜಗಲಿ ತೆರೆದಿದ್ದ ಕಾಲದಲ್ಲಿ ಅದೇ ಒಳಗೆ ಮಧ್ಯಾಹ್ನವೂ ನನಗೆ ಬೆವರಿದ ನೆನಪಿಲ್ಲ. ಇದು ಗೊತ್ತಿದ್ದೂ ನಾನು ಯಾರಿಗೂ ಹೇಳುತ್ತಿರಲಿಲ್ಲ. ಜಗಲಿಯ ಮಾತು ಎತ್ತಿದರೆ ಅದರ ಮೇಲೆ ಯಾರಿದ್ದರು ಎಂಬ ಮಾತೂ ಬರುತ್ತದೆ.

ಹೋದ ವರ್ಷ ಉಮ್ಮತ್ತೂರಿನ ಒಬ್ಬ ಹೆಣ್ಣುಮಗಳು ಬಂದಳು. ಬದನಗುಪ್ಪೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಬಿಟ್ಟವಳು. ಅವಳ ಹಾಗೇ ಬಿಟ್ಟ ಐವರನ್ನು ಜೊತೆಮಾಡಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುವ ಯೋಚನೆ ಅವಳದು. ಬೀಗ ತೆಗೆದ ಕೂಡಲೇ ಗಾಜನ್ನು ಬೆರಳ ಗೆಣ್ಣಲ್ಲಿ ತಟ್ಟಿದಳು.

"ತಾತ, ಇದ್ಯಾಕ್ ಹಾಕವ್ರೆ? ಒಳಗ ಬೆಂದು ಸಾಯ್ಲಿ ಅಂತಾವಾ?"

"ಶೋರೂಮ್ ಇತ್ತು ಕಣವ್ವ."

"ಶೋ ನಮ್ಗ ಬ್ಯಾಡ. ಅಳ್ತೆ ಕೊಡಕ್ಕ ಬಂದೋರು ಎಲ್ಗ ಕೂತ್ಕಂಡರು? ಬಸ್ಸು ಕಾಯೋರು ಎಲ್ಗ ಕೂತ್ಕಂಡರು?"

"ಮೊದ್ಲು ಇಲ್ಲಿ ಜಗ್ಲಿ ಇತ್ತು."

"ಮುಚ್ದೋನ್ ಯಾವನ್ ತಾತ, ಆ ಮಾನುಭಾವ?"

ನಾನು ಬೀಗದ ಕೈ ಗೊಂಚಲಿನಲ್ಲಿ ಮೇಲಿನ ಕೋಣೆಯದು ಯಾವುದು ಎಂದು ಹುಡುಕಿದೆ.

ಗಾಜು ತೆಗೆಸಬಹುದೇ ಎಂದು ಫೋನಿನಲ್ಲಿ ಕೇಳಿದಾಗ ಸಾಹುಕಾರರು, "ಯಾನಾರ ಮಾಡ್ಕಳ್ಳಿ. ಇಲಿ ಇರೋ ಬದ್ಲು ಜನ ಇರ್ಲಿ" ಅಂದರು. ಗಾಜು ಇಳಿಯಿತು, ಶಟರ್ ಹಳೆಯ ಬಾಗಿಲಿಗೆ ಹಿಂದೆ ಸರಿಯಿತು. ಮೇಲೆ ಹಾಸಿದ್ದ ಟೈಲ್ಸ್ ಎಬ್ಬಿಸಿದಾಗ ಕೆಳಗೆ ಜಗಲಿಯ ಕಲ್ಲು ಹಾಗೇ ಇತ್ತು. ಎಡಮೂಲೆಯಲ್ಲಿ ಮಿಷನ್ನಿನ ನಾಲ್ಕು ಕಾಲು ಕೂತು ಸವೆದ ನಾಲ್ಕು ಗುಳಿ. ಒಂದರಲ್ಲಿ ಗಾರೆ ತುಂಬಿತ್ತು. ಯಾರೂ ಇಲ್ಲದಾಗ ನಾನು ಮೊಳೆ ತೆಗೆದುಕೊಂಡು ಅದನ್ನು ಕೆರೆದು ಖಾಲಿ ಮಾಡಿದೆ.

ಆರು ಮಿಷನ್ ಬಂದವು, ಕರೆಂಟಿನವು. ಕೆಲಸ ಮಾತ್ರ ಕೂಡಿಬರಲಿಲ್ಲ. ಮೊದಲನೇ ಅಂಗಿಗೆ ಒಂದು ಕೈ ಉದ್ದ, ಒಂದು ಕೈ ಮೋಟು. ಎರಡನೆಯದಕ್ಕೆ ಕೊರಳೇ ಸೇರಲಿಲ್ಲ. ಒಂದು ಥಾನು ಹಾಳಾದ ಮೇಲೆ ಉಮ್ಮತ್ತೂರಿನವಳು ತಲೆಮೇಲೆ ಕೈಹೊತ್ತು ಕೂತಳು.

"ನಾನು ಒಂಬತ್ ವರ್ಸ ಕಾಲರ್ ಹೊಲ್ದಿವ್ನಿ ತಾತ. ಕಾಲರ್ ಬುಟ್ರ ಯಾನೂ ಗೊತ್ತಿಲ್ಲ. ಇವ್ಳು ಬರೀ ಜೇಬು. ಅವ್ಳು ಬರೀ ಕೈ. ಕತ್ರಿಸಿದ್ದು ಬತ್ತಿತ್ತು, ನಮ್ಮ ಪಾಲಿಂದು ಹೊಲ್ದು ಮುಂದಕ್ಕ ತಳ್ತಿದ್ದೊ. ಬಟ್ಟೆ ಕತ್ರಿಸೋರು ಒಬ್ರು ಬೇಕು. ನಿಮ್ಗ ಯಾರಾರ ಗೊತ್ತಾ?"

ಗೊತ್ತಿತ್ತು. ವಿಚಾರಿಸುತ್ತೇನೆ ಅಂದೆ. ವಿಚಾರಿಸುವುದಕ್ಕೆ ಮೂರು ವಾರ ತೆಗೆದುಕೊಂಡೆ. ಅಷ್ಟರಲ್ಲಿ ಇನ್ನೂ ಎರಡು ಥಾನು ಹಾಳಾದವು. ಶಾಲೆ ತೆರೆಯುವ ಹೊತ್ತಿಗೆ ಬಟ್ಟೆ ಕೊಡದಿದ್ದರೆ ಒಪ್ಪಿಕೊಂಡ ಕೆಲಸವೂ ಹೋಗುತ್ತಿತ್ತು, ಕಟ್ಟಡ ಮತ್ತೆ ಖಾಲಿಯಾಗುತ್ತಿತ್ತು. ಬಸ್ಸು ಹತ್ತಲೇಬೇಕಾಯಿತು.

ತೆರಕಣಾಂಬಿ ದಾಟುವವರೆಗೆ ಮಾತು ಸರಿಯಾಗಿ ಜೋಡಿಸಿಕೊಂಡೆ. ಹೋದ ಕೂಡಲೇ, ಕೂರುವ ಮೊದಲೇ, ತಪ್ಪಾಯಿತು ಅನ್ನುವುದು. ಕೆಲಸದ ವಿಷಯ ಆಮೇಲೆ. ಗುಂಡ್ಲುಪೇಟೆಯಲ್ಲಿ ಇಳಿದು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದೆ. ಬಾಗಿಲ ಪಕ್ಕ ಅದೇ ಕಪ್ಪು ಮಿಷನ್. ಸಾಬರು ಶಾಲೆಯ ಬ್ಯಾಗೊಂದಕ್ಕೆ ಜಿಪ್ ಕೂರಿಸುತ್ತಿದ್ದರು. ಪಕ್ಕದಲ್ಲಿ ರಿಪೇರಿಗೆ ಬಂದ ಕೊಡೆಗಳು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕದ ಮೇಲಿಂದ ನೋಡಿದರು.

"ರೈಟ್ರು! ಬನ್ನಿ ಬನ್ನಿ. ಬಿಸಲಲ್ಲಿ ಯಾಕ್ ನಿಂತಿದ್ದೀರಿ?"

ಕೂತುಬಿಟ್ಟೆ. ಮಗಳು ಟೀ ತಂದಳು. ನನ್ನ ಮಗಳ ಮದುವೆ, ನನ್ನ ಕಣ್ಣು, ಎದುರಿನ ಪಾತ್ರೆ ಅಂಗಡಿಯವರು, ಎಲ್ಲವನ್ನೂ ವಿಚಾರಿಸಿದರು. ಮನೆಯವರು ಹೇಗಿದ್ದಾರೆ ಎಂದು ನಾನು ಕೇಳಿದೆ.

"ಅವ್ಳು ಓಗ್ಬುಟ್ಲು ರೈಟ್ರೇ. ಎರಡು ವರ್ಸ ಆಯ್ತು."

ಅಯ್ಯೋ ಅಂದೆ. ಜೋಡಿಸಿಕೊಂಡು ಹೋದ ಮಾತು ಒಳಗೇ ಉಳಿಯಿತು. ಕೆಲಸದ ವಿಷಯ ಹೇಳಿದೆ. ಆರು ಜನ ಹೆಂಗಸರು, ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಭಾಗ ಮಾತ್ರ ಗೊತ್ತು ಅಂದಾಗ ಸಾಬರಿಗೆ ನಗು ತಡೆಯಲಿಲ್ಲ.

"ಆರ್ ಜನಾ ಸೇರ್ಕಂಡು ಒಂದಂಗಿ! ನಾನೊಬ್ನೇ ಆರ್ ಚಡ್ಡಿ ಹೊಲಿತಿದ್ದೆ, ಒಂದ್ ಬಸ್ಸು ಬರೋದ್ರೊಳಗ." ಆಮೇಲೆ ನಗು ನಿಲ್ಲಿಸಿ ಕೇಳಿದರು. "ಜಗ್ಲಿ ಅದಾ?"

"ಅದೆ. ಗಾಜು ತೆಗ್ಸಿದ್ರು. ಕಲ್ಲು ಹಂಗೇ ಅದೆ."

ಜಿಪ್ಪನ್ನು ಒಂದು ಸಲ ಎಳೆದು ನೋಡಿದರು, ಮತ್ತೆ ಮುಚ್ಚಿದರು.

"ಅಂಗಾದ್ರೆ ಸುಣ್ಣ ಒಣಗ್ತು ಅನ್ನಿ ರೈಟ್ರೇ."

ಮಗಳು ಅರ್ಥವಾಗದೆ ಇಬ್ಬರ ಮುಖ ನೋಡಿದಳು. ಸಾಬರ ಮುಖದಲ್ಲಿ ಸಿಟ್ಟಿರಲಿಲ್ಲ. ಅದಿದ್ದಿದ್ದರೆ ನನಗೆ ಮಾತು ಬರುತ್ತಿತ್ತೋ ಏನೋ. ನನ್ನ ಬಾಯಿಂದ ಬಂದದ್ದು ಅಷ್ಟು ವರ್ಷದ ಹಿಂದೆ ಹೇಳಿಕಳಿಸಬೇಕಾಗಿದ್ದ ಮಾತು.

"ಒಣಗ್ಯದೆ ಸಾಬ್ರೇ, ಬನ್ನಿ."

ಬಂದರು. ಮಿಷನ್ನನ್ನು ಲಗೇಜ್ ಆಟೊದಲ್ಲಿ ತಂದೆವು. ಅದರ ಕಾಲುಗಳು ಹಳೆಯ ಗುಳಿಗಳಲ್ಲಿ ಕೂತವು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ಬಂದು ಬಟ್ಟೆ ಕತ್ತರಿಸಿ, ಹೆಂಗಸರಿಗೆ ಇಡೀ ಅಂಗಿಯನ್ನು ಕಲಿಸಿ, ಸಂಜೆ ಹೋಗುತ್ತಾರೆ. ಬಿಡುವಿದ್ದಾಗ ಜಗಲಿಯಲ್ಲಿ ಹಳೆಯ ಗಿರಾಕಿಗಳ ಚಡ್ಡಿ. ಶಾಲೆಗೆ ಬಟ್ಟೆ ಹೊತ್ತಿಗೆ ಸರಿಯಾಗಿ ಹೋಯಿತು. ಮೇಲಿನ ಕೋಣೆಯನ್ನೂ ಈಗ ಹೆಂಗಸರೇ ಹಿಡಿದಿದ್ದಾರೆ. ಹೆಂಗಸರ ಕೆಲಸದಲ್ಲಿ ಸಾಬರು ಒಪ್ಪದೆ ಇದ್ದದ್ದು ಒಂದೇ, ಮಿಷನ್ನಿನಲ್ಲಿ ಹಾಕಿದ ಕಾಜಾ.

"ಇದು ಕಾಜಾನಾ? ಇಲಿ ಕಚ್ಚಿದ್ ತೂತು."

"ಇಸ್ಕೂಲ್ ಐಕಳ್ಗ ಸಾಕು ಬುಡಿ ತಾತ. ಮದ್ವೆಗಂಡಾ ಅವು?" ಎನ್ನುತ್ತಾಳೆ ಉಮ್ಮತ್ತೂರಿನವಳು.

ವಾರಕ್ಕೆ ಮೂರು ದಿನ ನಾನೂ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ. ಎಲ್ಲ ಮಾತೂ ಆಡುತ್ತಿದ್ದೆವು, ಅದೊಂದು ಬಿಟ್ಟು. ಕಟ್ಟಡ ತುಂಬಿದೆ, ಅವರನ್ನು ಅವರ ಜಾಗಕ್ಕೆ ತಂದು ಕೂರಿಸಿದ್ದೇನೆ, ಬಾಯಿಬಿಟ್ಟು ಬೇರೆ ಹೇಳಬೇಕೇ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈ ವರ್ಷ ಯುಗಾದಿ ಹತ್ತಿರ ಬಂತು. ಪೇಂಟ್ ಬೇಡ, ಸುಣ್ಣವೇ ಸಾಕು ಎಂದು ಹೆಂಗಸರು ತೀರ್ಮಾನಿಸಿದರು. ಉಮ್ಮತ್ತೂರಿನವಳು ಏನೂ ತಿಳಿಯದೆ ನನಗೆ ಹೇಳಿದಳು:

"ತಾತ, ಸಾಬ್ ತಾತಂಗ ಯೋಳ್ಬುಡಿ. ಸುಣ್ಣ ಹೊಡಿಯಗಂಟ ಮಿಷನ್ ಎತ್ಕಂಡೋಗ್ಲಿ."

"ಆ ಮಿಷನ್ ಎತ್ತೋದು ಬ್ಯಾಡ" ಅಂದೆ. ನನ್ನ ದನಿ ಜೋರಾಗಿತ್ತು ಅಂತ ಕಾಣುತ್ತದೆ, ಒಳಗಿನ ಮಿಷನ್ನುಗಳು ನಿಂತವು. ಟಾರ್ಪಾಲ್ ತರಿಸಿ ನಾನೇ ಮುಚ್ಚಿದೆ. ಸುಣ್ಣ ಹೊಡೆಯುವವನು ಗೊಣಗಿದ. "ಮೂಲೆಗ ಕೈ ಸಿಕ್ಕಲ್ಲ ಯಜಮಾನ್ರೇ. ಇದೇನ್ ದೇವ್ರಾ, ಅಲ್ಲಾಡಿಸ್ಬಾರ್ದು ಅನ್ನಕ್ಕ?" ನಾನು ಅಲ್ಲೇ ನಿಂತು, ಅವನು ಎಡಮೂಲೆಗೆ ಬಂದಾಗ ಟಾರ್ಪಾಲಿನ ಅಂಚು ಹಿಡಿದುಕೊಂಡೆ.

ಅಷ್ಟರಲ್ಲಿ ಬಸ್ಸಿಳಿದು ಸಾಬರು ಬಂದರು. ಮುಚ್ಚಿದ ಮಿಷನ್ ನೋಡಿದರು, ಸುಣ್ಣ ಸಿಡಿದ ನನ್ನ ಕೈ ನೋಡಿದರು. ಮೆಟ್ಟಿಲ ಮೇಲೆ ಕೂತರು. ಸುಣ್ಣದವನು ಟೀಗೆ ಹೋದಾಗ ನಾನೂ ಪಕ್ಕದಲ್ಲಿ ಕೂತೆ. ಆವಾಗ ಹೇಳಿದೆ.

"ಸಾಬ್ರೇ, ಆವತ್ತು ಸುಣ್ಣ ಅಂತ ಯೋಳಿ ಮಿಷನ್ ಇಳಿಸಿದ್ದು ಸಾವ್ಕಾರ್ರ ಯೋಚ್ನೆ ಅಲ್ಲ. ನಂದು. ತಪ್ಪಾಯ್ತು."

ಟಾರ್ಪಾಲಿನ ಅಡಿಯಿಂದ ಆಚೆ ಬಂದಿದ್ದ ಮಿಷನ್ನಿನ ಚಕ್ರದ ಮೇಲೆ ಸುಣ್ಣದ ಒಂದು ಹನಿ ಬಿದ್ದಿತ್ತು. ಸಾಬರು ಅದನ್ನು ಉಗುರಲ್ಲಿ ಕೆರೆದರು.

"ಗೊತ್ತಿತ್ತು. ಸಾವ್ಕಾರ್ರಿಗ ಅಷ್ಟ್ ತಲೆ ಎಲ್ಲದೆ?"

ನನಗೆ ನಗು ಬಂತು. ನಗಬಾರದೆಂದೂ ಅನ್ನಿಸಿತು. ಅವರೂ ಸ್ವಲ್ಪ ನಕ್ಕರು. ಆಮೇಲೆ ಬೀದಿಯ ಕಡೆ ನೋಡುತ್ತಾ ಹೇಳಿದರು:

"ನಂಗ್ಯಾಕ್ ಯೋಳ್ತೀರಿ ರೈಟ್ರೇ? ನಾನು ಹತ್ನೇ ದಿನ್ವೇ ಬಂದ್ ನೋಡ್ಕಂಡ್ ಓದೆ. ಕಾದಿದ್ದು ನಾನಲ್ಲ, ಅವ್ಳು."

ಮಿಕ್ಕದ್ದನ್ನೂ ಹೇಳಿದರು. ಅವತ್ತು ಗಾಜು ನೋಡಿಕೊಂಡು ಮನೆಗೆ ಹೋದವರಿಗೆ ಹೆಂಡತಿಯ ಮುಂದೆ ನಿಜ ಹೇಳುವ ಬಾಯಿ ಬರಲಿಲ್ಲವಂತೆ. ಅಷ್ಟು ವರ್ಷ ಕೂತ ಜಾಗದಿಂದ ಒಂದು ಮಾತೂ ಆಡದೆ ಎಬ್ಬಿಸಿದರು ಎಂದು ಹೇಗೆ ಹೇಳುವುದು? ಗೋಡೆ ಇನ್ನೂ ಹಸಿ ಎಂದರು. ಮಳೆ ಬಂತು ಎಂದರು. ಅಂಗಡಿ ರಿಪೇರಿ ಎಂದರು. ಆಕೆ ದಿನಾ ಬೆಳಿಗ್ಗೆ ಕೇಳುತ್ತಿದ್ದರಂತೆ, ಚೂನಾ ಸೂಖ್ಯಾ ಕ್ಯಾ, ಸುಣ್ಣ ಒಣಗಿತಾ ಎಂದು. ರೈಟರು ಹೇಳಿಕಳಿಸದೆ ಇರುವವರಲ್ಲ ಎನ್ನುತ್ತಿದ್ದರಂತೆ. ಗುಂಡ್ಲುಪೇಟೆಗೆ ಹೊರಟ ದಿನ ಕಾಜಾ ದಾರದ ಡಬ್ಬಿಯನ್ನು ಮಿಷನ್ನಿನ ಡ್ರಾಯರಿನಲ್ಲಿಟ್ಟರು. ವಾಪಸು ಕರೆದಾಗ ಹುಡುಕಾಡುವುದು ಬೇಡ ಎಂದು.

"ಅಲ್ಲೋದ್ ಮ್ಯಾಲೂ ಕೇಳ್ತಿದ್ಲು. ಆಮೇಲಾಮೇಲೆ ಕೇಳದು ಬುಟ್ಲು. ತಿಳ್ಕಂಡ್ಲೋ ಏನೋ, ನಂಗೊತ್ತಿಲ್ಲ. ನಾನೂ ಯೋಳ್ನಿಲ್ಲ" ಎಂದು ಹೇಳಿ ಸಾಬರು ಎದ್ದು ಡ್ರಾಯರ್ ಎಳೆದು ತೋರಿಸಿದರು. ತಗಡಿನ ಡಬ್ಬಿ, ಒಳಗೆ ಬಿಳಿ ದಾರದ ಉಂಡೆ, ಸೂಜಿ ಚುಚ್ಚಿಟ್ಟ ಮೇಣದ ತುಂಡು. ಸುಣ್ಣದವನು ಟೀ ಕುಡಿದು ಬಂದ. ಇಬ್ಬರೂ ಎದ್ದು ಟಾರ್ಪಾಲಿನ ಒಂದೊಂದು ಅಂಚು ಹಿಡಿದೆವು.

ಸಾಬರನ್ನು ಕ್ಷಮೆ ಕೇಳಿಯಾಯಿತು. ಅವರು ಅದನ್ನು ತೆಗೆದುಕೊಂಡರೋ ಇಲ್ಲವೋ, ಸೋಮವಾರ ಬಂದರೆ ನನಗೂ ಒಂದು ಟೀ ಹೇಳುತ್ತಾರೆ. ಕೇಳದೆ ಉಳಿದದ್ದು ಇನ್ನೊಬ್ಬರನ್ನು. ನನ್ನ ಹತ್ತಿರ ಅವರು ಕಾಜಾ ಹಾಕಿದ ಒಂದು ಅಂಗಿ ಇದೆ. ಕಾಲರ್ ಬಿಚ್ಚಿದೆ, ಮೊಣಕೈ ಹರಿದಿದೆ. ಕಾಜಾದ ಒಂದೆಳೆಯೂ ಎದ್ದಿಲ್ಲ.

ನನ್ನ ಡಬ್ಬಿಯಲ್ಲಿ ದ್ರಾಕ್ಷಿ ಇರಬಾರದು ಎಂದು ಅವರಿಗೆ ನೆನಪಿತ್ತು. ನಾನು ಅವರ ಹೆಸರನ್ನು ಒಂದು ದಿನವೂ ಕೇಳಿರಲಿಲ್ಲ. ಸಾಬರ ಮನೆಯವರು ಎಂದಷ್ಟೇ ಗೊತ್ತು. ಗುಂಡ್ಲುಪೇಟೆಯ ಮಗಳನ್ನು ಕೇಳಿದರೆ ಹೇಳುತ್ತಾಳೆ. ಇನ್ನೂ ಕೇಳಿಲ್ಲ. ಇಲ್ಲಿ ಬರೆಯಬೇಕಾಗಿದ್ದದ್ದು ಆ ಹೆಸರು.